ಮೂರು ಎಳೆ ತಾಮ್ರ

ನಮ್ಮ ಮನೆಯಲ್ಲಿದ್ದದ್ದು ಐದು ಕೋಣೆ. ಆರನೆಯದಕ್ಕೆ ಗಾಲಿಗಳಿದ್ದವು. ಪಡಸಾಲೆಗೆ ತಾಗಿದ ತಗಡಿನ ಶೆಡ್ಡಿನಲ್ಲಿ ನಿಲ್ಲುತ್ತಿದ್ದ ಆ ಬಿಳಿ ಕಾರನ್ನು ಕಾರು ಅಂತ ನೋಡುತ್ತಿದ್ದವನು ಅಪ್ಪ ಒಬ್ಬನೇ. ಅವನಿಗೆ ಅದು ದಾವಣಗೆರೆಯ ಪೇಟೆಯಲ್ಲಿದ್ದ ಜವಳಿ ಅಂಗಡಿಗೆ, ಕಡರನಾಯಕನಹಳ್ಳಿಯ ಹೊಲಕ್ಕೆ, ಹರಿಹರದಲ್ಲಿದ್ದ ತಂಗಿಯ ಮನೆಗೆ ಹೋಗಿಬರುವ ಸಾಧನ. ಉಳಿದವರಿಗೆ ಅದೊಂದು ಹೆಚ್ಚಿನ ಕೋಣೆ. ಶೆಡ್ಡಿನಿಂದ ಹೊರಗೆ ನಿಂತ ದಿನ ಅಮ್ಮ ಅದರ ಬಾನೆಟ್ಟಿನ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು. ನಾನು ಮುಂದಿನ ಸೀಟಿನಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಹಿಂದಿನ ಸೀಟು ಅಜ್ಜಿಯದು. ಆ ಸೀಟು ಹೇಗೆ ಅಜ್ಜಿಯದಾಯಿತು, ಅದರ ದೆಸೆಯಿಂದ ನಾನು ಹೇಗೆ ಈಗಿನ ಈ ನಾನಾದೆ ಅನ್ನುವುದು ಈ ಅಧ್ಯಾಯದ ವಿಷಯ. ಈಗಿನ ನಾನು ಅಂದರೆ ಬಾಗಿಲಿಗೆ ಬೀಗ ಹಾಕಿ, ಬೀದಿಯ ತಿರುವಿನತನಕ ಹೋಗಿ, ವಾಪಸು ಬಂದು ಬೀಗ ಜಗ್ಗಿ ನೋಡಿ, ಜಗ್ಗಿದ್ದಕ್ಕೆ ಸಡಿಲಾಯಿತೇನೋ ಅಂತ ಇನ್ನೊಮ್ಮೆ ಜಗ್ಗುವವನು. ಈ ಸ್ವಭಾವ ಎಲ್ಲಿಂದ ಬಂತು ಅಂತ ಹೆಂಡತಿ ಕೇಳಿದಾಗಲೆಲ್ಲ ಕಾರಿನ ಆಂಪ್ಲಿಫೈಯರಿನಿಂದ ಅನ್ನುತ್ತೇನೆ. ಅವಳು ತಮಾಷೆ ಅಂದುಕೊಳ್ಳುತ್ತಾಳೆ.

ಅಜ್ಜಿಗೆ ಕಿವಿ ಕೇಳಿಸದಾಗಿ ಎರಡು ವರ್ಷವಾಗಿತ್ತು. ಅಪ್ಪನ ತಾಯಿ ಅವಳು, ಮನೆಯ ಯಜಮಾನಿಕೆ ನಡೆಸಿದವಳು. ದೇವರ ಕೋಣೆಯಲ್ಲಿ ಕೂತು ಲಿಂಗಪೂಜೆ ಮಾಡುತ್ತಲೇ ಅಡಿಗೆಮನೆಯ ಒಗ್ಗರಣೆ ಸೀದದ್ದನ್ನು ಹೇಳುತ್ತಿದ್ದವಳು. ಕಿವಿ ಹೋದಮೇಲೆ ಮಾತೂ ಹೋಯಿತು. ತಾನು ಹೇಳಿದ್ದಕ್ಕೆ ಬರುವ ಉತ್ತರ ಕೇಳಿಸದಿದ್ದರೆ ಹೇಳುವುದೇಕೆ ಅಂತ ಅವಳ ಲೆಕ್ಕ. ಮೊದಮೊದಲು ನಾವು ಕೂಗಿದೆವು, ಆಮೇಲೆ ಕೈಸನ್ನೆ ಮಾಡಿದೆವು, ಕೊನೆಗೆ ಸುಮ್ಮನೆ ತಟ್ಟೆ ತಂದಿಟ್ಟು ಹೋಗತೊಡಗಿದೆವು. ಜಗಳ ಮಾಡುವವರೇ ಇಲ್ಲದೆ ಅಮ್ಮ ಕೂಡ ಸಪ್ಪಗಾದಳು. ಅತ್ತೆ ಬೈಯದ ಸಾರಿಗೆ ಉಪ್ಪು ಎಷ್ಟು ಹಾಕಿದರೇನು ಅನ್ನುವಂತೆ ಅಡಿಗೆ ಮಾಡುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಹರಿಹರಕ್ಕೆ ಹೊರಟಿದ್ದೆವು. ಕಾರಿನಲ್ಲಿ ಒಂದು ಟೇಪ್ ಇತ್ತು, ಹಿಂದಿನ ಗಾಜಿನ ಕೆಳಗೆ ಎರಡು ಸ್ಪೀಕರ್. ಅಜ್ಜಿ ನಿದ್ದೆಗಣ್ಣಿನಲ್ಲಿ ತಲೆ ಹಿಂದಕ್ಕೆ ಒರಗಿಸಿದಳು. ತಲೆ ಸ್ಪೀಕರಿಗೆ ತಾಗಿತು. ಇದ್ದಕ್ಕಿದ್ದಂತೆ ಎದ್ದು ಕೂತಳು.

"ಯಾರದು ಹಾಡ್ತಿರೋದು? ಗಂಟ್ಲು ಕಟ್ಟೈತೆ ಅವಂಗೆ. ಬಿಸಿನೀರು ಕುಡಿ ಅನ್ನು."

ಅಪ್ಪ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಟೇಪಿನ ಗುಂಡಿಯನ್ನು ತುದಿತನಕ ತಿರುಗಿಸಿದ. ಹಾಡು ಒಡೆದು ಗೊರಗೊರ ಅಂದಿತು. ಅಜ್ಜಿ ಮುಖ ಕಿವುಚಿಕೊಂಡಳು. ಆದರೆ ಆ ಕಿವುಚಿದ ಮುಖವನ್ನು ಅಪ್ಪ ಹಿಂದಿನದನ್ನು ತೋರಿಸುವ ಕನ್ನಡಿಯಲ್ಲಿ ನೋಡುತ್ತಿದ್ದ ರೀತಿ ನನಗೆ ಇವತ್ತಿಗೂ ನೆನಪಿದೆ. ಎರಡು ವರ್ಷದ ಮೇಲೆ ಮೊದಲ ಸಲ ಅವನ ತಾಯಿಗೆ ಏನೋ ಒಂದು ಇಷ್ಟವಾಗಿರಲಿಲ್ಲ.

ವಾರದೊಳಗೆ ಮನೆಯಲ್ಲಿ ಎಲ್ಲರೂ ಆಂಪ್ಲಿಫೈಯರಿನ, ಅಂದರೆ ಹಾಡು ಒಡೆಯದಂತೆ ದನಿ ಹೆಚ್ಚಿಸುವ ಯಂತ್ರದ, ಪಂಡಿತರಾದರು. ಅಮ್ಮನ ತಮ್ಮ, ಹದಡಿಯಲ್ಲಿದ್ದ ನನ್ನ ಸೋದರಮಾವ, ಮೊರದಗಲದ ಒಂದು ಪೆಟ್ಟಿಗೆ ಹಿಡಿದುಕೊಂಡೇ ಬಂದ. ಅದರ ಮೇಲೆ ಬೆಂಕಿಯ ಚಿತ್ರ, ಅದರ ಕೆಳಗೆ ಸಾವಿರ ವ್ಯಾಟ್ ಅಂತ ಬಂಗಾರದ ಬಣ್ಣದಲ್ಲಿ ಬರೆದಿತ್ತು. ಅಪ್ಪ ಅದನ್ನೂ ನನ್ನನ್ನೂ ಕೂಡಿಸಿಕೊಂಡು ಖಾದರ್ ಸಾಬರ ಅಂಗಡಿಗೆ ಹೋದ. ಅವರು ಕಾರು ಲಾರಿಗಳ ಎಲೆಕ್ಟ್ರಿಕ್ ಕೆಲಸದವರು. ಅಂಗಡಿ ಅಂದರೆ ಒಂದು ಮೇಜು, ಒಂದು ಸ್ಟೂಲು, ಗೋಡೆಯ ತುಂಬ ಮೊಳೆಗಳು. ಒಂದೊಂದು ಮೊಳೆಗೂ ಸುಟ್ಟ ಪ್ಲಗ್ಗು, ಕರಗಿದ ಹೋಲ್ಡರು, ಹೀಗೆ ಏನಾದರೊಂದು ಕರಕಲು ನೇತಾಡುತ್ತಿತ್ತು. ಗಿರಾಕಿ ವಾದಕ್ಕೆ ನಿಂತರೆ ಸಾಬರು ಬಾಯಲ್ಲಿ ಉತ್ತರ ಕೊಡದೆ ಬೆರಳು ತೋರಿಸುತ್ತಿದ್ದರು. ಮಾವನ ಪೆಟ್ಟಿಗೆಯಿಂದ ಆಂಪನ್ನು ತೆಗೆದು, ಅಂಗೈಯಲ್ಲಿಟ್ಟು ಕಲ್ಲಂಗಡಿಯ ತೂಕ ನೋಡುವಂತೆ ಎರಡು ಸಲ ಮೇಲೆ ಕೆಳಗೆ ಮಾಡಿದರು.

"ಯಜಮಾನ್ರೆ, ಇದು ಹಗುರ ಐತೆ. ಸಾವಿರ ವ್ಯಾಟು ಡಬ್ಬಿಗೆ ಐತೆ, ಒಳಗಿಲ್ಲ."

"ಮತ್ತೆ ಬರ್ದಾರಲ್ಲ ಸಾಬ್ರೆ?"

"ಬರೆಯೋದಕ್ಕೇನ್ರಿ. ಒಂದು ಸಲ ಕೂಗಿದ್ದನ್ನ ಬರ್ದಾರೆ. ನಮಗೆ ಬೇಕಾದ್ದು ದಿನಾ ತಾಸುಗಟ್ಲೆ ಮಾತಾಡೋದು. ನಿಮ್ಮ ಸ್ಪೀಕರು ಐವತ್ತು ತಡಕೊಳ್ಳೋವು. ಅಷ್ಟನ್ನ ಸುಸ್ತಾಗದಂಗೆ ಕೊಡೋದು ಸಾಕು. ಕೈಲಾಗದ ಆಂಪಿನ ಕಿವಿ ಹಿಂಡಿದ್ರೆ ಅದು ಕಿರಚ್ತೈತೆ. ಆ ಕಿರಚಾಟಕ್ಕೇ ಸ್ಪೀಕರು ಸುಡ್ತಾವೆ."

ಅವರು ಆರಿಸಿಕೊಟ್ಟದ್ದು ಇಟ್ಟಿಗೆಯಷ್ಟೇ ದೊಡ್ಡ, ಇಟ್ಟಿಗೆಗಿಂತ ಭಾರದ ಒಂದು ಕರಿ ಪೆಟ್ಟಿಗೆ. ಮೈತುಂಬ ಅಲ್ಯುಮಿನಿಯಂ ರೆಕ್ಕೆ. ಬಿಸಿ ಹೊರಗೆ ಹೋಗಲಿಕ್ಕೆ ಆ ರೆಕ್ಕೆಗಳ ಸಂದು ಖಾಲಿ ಇರಬೇಕು ಅಂದರು. ಮಾವ ತನ್ನ ಸಾವಿರ ವ್ಯಾಟನ್ನು ಬಗಲಲ್ಲಿಟ್ಟುಕೊಂಡು ಹದಡಿಗೆ ವಾಪಸಾದ.

ಜಗಳ ಹುಟ್ಟಿದ್ದು ವೈರಿನ ಮೇಲೆ. ನಮ್ಮ ಮನೆಯಲ್ಲಿ ಉಳಿದದ್ದನ್ನು ಎಸೆಯುವ ಪದ್ಧತಿಯಿರಲಿಲ್ಲ. ಅಟ್ಟದ ಮೇಲಿನ ಒಂದು ಸಂದೂಕದಲ್ಲಿ ಉಳಿದ ಹಗ್ಗ, ಉಳಿದ ಮೊಳೆ, ಉಳಿದ ಸುಣ್ಣ, ಮನೆ ಕಟ್ಟಿಸಿದಾಗ ಉಳಿದ ಕೆಂಪು ವೈರು ಇದ್ದವು. ಅಪ್ಪ ಆ ವೈರಿನ ಸುರುಳಿ ತಂದು ಬಾನೆಟ್ಟಿನ ಮೇಲಿಟ್ಟ. ಖಾದರ್ ಸಾಬರು ಅದನ್ನು ಎರಡು ಬೆರಳಲ್ಲಿ ಹಿಡಿದು, ಹೂವಿನ ದಾರ ನೋಡುವಂತೆ ನೋಡಿದರು.

"ಇದು ಆಗಲ್ರಿ. ಬೆರಳುದಪ್ಪದ್ದು ಬೇಕು."

"ಏನ್ರಿ ಸಾಬ್ರೆ, ಇದೇ ವೈರಿನಾಗೆ ನಮ್ಮನಿ ಲೈಟು, ಫ್ಯಾನು, ಮಿಕ್ಸರು ಎಲ್ಲ ನಡೀತಾವೆ. ಎರಡು ಸ್ಪೀಕರ್ ನಡೆಯಲ್ಲ ಅಂತೀರಲ್ಲ?"

"ಮನಿ ಕರೆಂಟು ಎತ್ತರದ ಟ್ಯಾಂಕಿನ ನೀರಿದ್ದಂಗೆ ಯಜಮಾನ್ರೆ. ಸಣ್ಣ ನಳದಾಗೂ ಜೋರು ಬರ್ತೈತೆ. ಬ್ಯಾಟರಿದು ಹನ್ನೆರಡೇ ವೋಲ್ಟು, ಕಾಲುವೆ ನೀರು. ಒತ್ತಡ ಇಲ್ಲ. ಹೊಲ ತುಂಬಬೇಕಂದ್ರೆ ಕಾಲುವೆನೇ ಅಗಲ ಇರಬೇಕು."

ಅಪ್ಪನಿಗೆ ಹೊಲವೂ ಗೊತ್ತಿತ್ತು, ಕಾಲುವೆಯೂ ಗೊತ್ತಿತ್ತು. ಆದರೆ ಸಂದೂಕದಲ್ಲಿ ವೈರಿದ್ದೂ ಇನ್ನೊಂದು ವೈರು ತರುವುದು ಅವನ ಜಾಯಮಾನಕ್ಕೆ ಒಗ್ಗುವಂಥದ್ದಲ್ಲ. ಕೊನೆಗೆ ಸಾಬರೇ ಸೋತರು. ಸೋತದ್ದಕ್ಕೊಂದು ಶರತ್ತು ಹಾಕಿದರು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಗಾಜಿನ ಫ್ಯೂಸ್ ಕೂಡಿಸಿದರು, ಅದೂ ಬಹಳ ಸಣ್ಣ ತಾಕತ್ತಿನದು. ಆಮೇಲೆ ಅಪ್ಪನಿಗೆ ಹೇಳಿ ಪ್ರಯೋಜನವಿಲ್ಲ ಅನ್ನಿಸಿತೋ ಏನೋ, ಹನ್ನೆರಡು ವರ್ಷದ ನನ್ನನ್ನು ಕರೆದರು.

"ನೋಡಪ ತಮ್ಮ, ಈ ಫ್ಯೂಸು ಆಂಪನ್ನ ಕಾಯೋಕಲ್ಲ, ವೈರನ್ನ ಕಾಯೋಕೆ. ವೈರು ಸುಡೋ ಮೊದ್ಲು ಇದು ಸಾಯಬೇಕು. ಇದು ಹೋದ್ರೆ ನನ್ನ ಹತ್ರ ಬಾ. ನೀನೇ ಏನೂ ಮಾಡಬ್ಯಾಡ. ತಿಳೀತಾ?"

ನನಗೆ ತಿಳಿಯಿತು. ತಿಳಿದದ್ದೇ ತಪ್ಪಾಯಿತು. ಆ ದಿನದಿಂದ ಕಾರಿನ ಬ್ಯಾಟರಿಯ ನೀರು, ಹೆಡ್‌ಲೈಟಿನ ಬೆಳಕು ಮಂಕಾಗಿದೆಯೋ ಇಲ್ಲವೋ, ಫ್ಯೂಸಿನೊಳಗಿನ ಕೂದಲಿನಂಥ ತಂತಿ ಇದೆಯೋ ಇಲ್ಲವೋ ಇವೆಲ್ಲ ನನ್ನ ಜವಾಬುದಾರಿಯಾದವು. ಶಾಲೆಯಲ್ಲಿ ಕೂತರೂ ಜೀವ ಬಾನೆಟ್ಟಿನ ಕೆಳಗಿರುತ್ತಿತ್ತು.

ಆದರೆ ಆಂಪು ಕೆಲಸ ಮಾಡಿತು. ಎಂಥಾ ಕೆಲಸ ಅಂದರೆ, ಮೊದಲ ದಿನ ಅಜ್ಜಿ ವಚನದ ಕ್ಯಾಸೆಟ್ಟನ್ನು ಎರಡೂ ಕಡೆ ಕೇಳಿ, ಇಳಿದು ಬಂದು, ಸೀದಾ ಅಡಿಗೆಮನೆಗೆ ಹೋಗಿ ಸಾರಿನ ರುಚಿ ನೋಡಿ ಅಮ್ಮನಿಗೆ ಬೈದಳು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸುದ್ದಿ ಕೇಳಿ ಹರಿಹರದ ಗಿರಿಜತ್ತೆ, ಅಪ್ಪನ ತಂಗಿ, ಒಂದು ಉಪಾಯ ಮಾಡಿದಳು. ಅವಳ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ವಾರವಿಡೀ ತನಗೆ ಹೇಳಬೇಕನ್ನಿಸಿದ್ದನ್ನೆಲ್ಲ ಒಂದು ಕ್ಯಾಸೆಟ್ಟಿಗೆ ಹೇಳಿ, ದಾವಣಗೆರೆಗೆ ಬರುವ ಯಾರದಾದರೂ ಕೈಯಲ್ಲಿ ಕಳಿಸತೊಡಗಿದಳು. ಅಜ್ಜಿ ಸಂಜೆ ಒಗ್ಗರಣೆ ಮಂಡಕ್ಕಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಕಾರಿನಲ್ಲಿ ಕೂತು, ಮಗಳ ಕಷ್ಟಸುಖ ಕೇಳುತ್ತಿದ್ದಳು. ನಡುನಡುವೆ "ನಿಲ್ಸು" ಅನ್ನುತ್ತಿದ್ದಳು. ನಾನು ನಿಲ್ಲಿಸಬೇಕು. "ನಿಮ್ಮತ್ತೆ ಹಂಗಂದ್ರೆ ನೀನು ಸುಮ್ನೆ ಕೇಳಿಸ್ಕೊಂಡು ಬಂದ್ಯಾ? ಬಾಯಿಲ್ಲೇನು ನಿಂಗೆ?" ಅಂತ ಟೇಪಿಗೆ ಉತ್ತರ ಕೊಟ್ಟು, "ಹೂಂ, ಹಾಕು" ಅನ್ನುತ್ತಿದ್ದಳು. ನಾನು ಹಾಕಬೇಕು. ಎರಡು ವರ್ಷ ಕೂಡಿಟ್ಟಿದ್ದ ಮಾತು ಹೀಗೆ ಖರ್ಚಾಗುತ್ತಿತ್ತು.

ತೊಂದರೆಯೆಂದರೆ, ಅಜ್ಜಿಗೆ ಕೇಳಿಸುವಷ್ಟು ಜೋರಾಗಿ ಇಟ್ಟರೆ ಇಡೀ ಬೀದಿಗೆ ಕೇಳಿಸುತ್ತಿತ್ತು. ಗಿರಿಜತ್ತೆಯ ಅತ್ತೆ ಮೊಸರಿನ ಗಡಿಗೆಗೆ ಗುರುತು ಮಾಡಿಡುತ್ತಾಳೆ ಅನ್ನುವ ವಿಷಯ ಎದುರುಮನೆಯವರಿಗೂ ತಿಳಿದು, ಅವರು ನೀರಿನ ಸರದಿಯಲ್ಲಿ ಅಮ್ಮನನ್ನು ಕೇಳಿದರು, "ಈ ವಾರ ಮೊಸರಿಂದು ಏನಾತ್ರಿ?" ಅಮ್ಮನಿಗೆ ಮರ್ಯಾದೆ ಹೋದಂತಾಯಿತು. ಅವತ್ತೇ ಕಾನೂನು ಮಾಡಿದಳು. ಹರಿಹರದ ಕ್ಯಾಸೆಟ್ ಹಾಕಿದಾಗ ಕಾರಿನ ನಾಲ್ಕೂ ಗಾಜು ಏರಿಸಿರಬೇಕು.

ಆಯುಧ ಪೂಜೆ ಬಂತು. ಕಾರು ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿ ಶೆಡ್ಡಿನ ಮುಂದೆ ನಿಲ್ಲಿಸಿದೆವು. ಅಮ್ಮ ಪೂಜೆಯಲ್ಲಿ ಯಾರನ್ನೂ ಬಿಡುವವಳಲ್ಲ. ಮನೆಯ ಕತ್ತರಿ, ಈಳಿಗೆಮಣೆ, ನನ್ನ ಕಂಪಾಸು, ಎಲ್ಲಕ್ಕೂ ಕುಂಕುಮ. ಅತ್ತೆಗೆ ಮಾತು ವಾಪಸು ಕೊಟ್ಟ ಆಂಪನ್ನು ಬಿಟ್ಟಾಳೆಯೇ? ಮುಂದಿನ ಸೀಟಿನ ಕೆಳಗೆ ಕೈಹಾಕಿ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದಳು. ರೆಕ್ಕೆಗಳ ಒಂದೊಂದು ಸಂದಿಗೂ ಒಂದೊಂದು ಚೆಂಡುಹೂವು ಸಿಕ್ಕಿಸಿದಳು. ಅವಳ ಕಣ್ಣಿಗೆ ಆ ಸಂದುಗಳಿದ್ದದ್ದೇ ಹೂವಿಗಾಗಿ. ತೆಂಗಿನಕಾಯಿ ಒಡೆದು ಅದರ ನೀರನ್ನು ಸ್ಟೇರಿಂಗಿಗೆ, ಟೇಪಿಗೆ, ಆಂಪಿಗೆ ಚಿಮುಕಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬ್ಯಾಡ ಅನ್ನಬೇಕು ಅಂತ ಗೊತ್ತಿತ್ತು. ಪೂಜೆಯ ಹೊತ್ತಿನಲ್ಲಿ ಬ್ಯಾಡ ಅನ್ನುವ ಮಾತನ್ನು ಬಾಯಿಗೆ ತರುವುದು ಹೇಗೆ ಅಂತ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಹರಿಹರದಿಂದ ಹಬ್ಬದ ಕ್ಯಾಸೆಟ್ ಬಂತು. ಅಜ್ಜಿ ಹೊಸ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಕೂತಳು. ನಾನು ಗುಂಡಿ ಒತ್ತಿದೆ. ಪಟ್ ಅಂದು ನಿಂತಿತು. ಬಾನೆಟ್ ಎತ್ತಿ ನೋಡಿದರೆ ಫ್ಯೂಸಿನೊಳಗಿನ ಕೂದಲು ಇರಲಿಲ್ಲ. ಹಬ್ಬದ ದಿನ ಖಾದರ್ ಸಾಬರ ಅಂಗಡಿಯ ಮುಂದೆ ಪೂಜೆಯ ಲಾರಿಗಳು ಸಾಲುಗಟ್ಟಿರುತ್ತವೆ. ಅಜ್ಜಿ ಗಾಜಿನೊಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಇನ್ನೇನು ಮಗಳು ಮಾತಾಡುತ್ತಾಳೆ ಅಂತ ತಲೆಯನ್ನು ಸ್ಪೀಕರಿಗೆ ಆಗಲೇ ಒರಗಿಸಿದ್ದಳು.

ಲಾರಿಯವರು ಮಾಡುವುದನ್ನು ಅದೇ ಅಂಗಡಿಯಲ್ಲಿ ಕಂಡಿದ್ದೆ. ಉಳಿದ ವೈರಿನ ತುಂಡೊಂದರ ತಾಮ್ರದ ಎಳೆ ಬಿಡಿಸಿ ಸತ್ತ ಫ್ಯೂಸಿನ ಮೇಲೆ ಸುತ್ತಿದೆ. ಹಾಡು ಶುರುವಾದಂತೆ ಗಿರಿಜತ್ತೆಯ ದನಿ ಶುರುವಾಯಿತು. ಅಮ್ಮ ಬಂದು ಗಾಜುಗಳನ್ನು ಏರಿಸಿ ಹೋದಳು.

ಅಪ್ಪ ಧೂಪದ ತಟ್ಟೆ ಹಿಡಿದು ಕಾರಿನ ಸುತ್ತ ಬರುತ್ತಿದ್ದ. ಅಂಗಳದ ತುಂಬ ಲೋಬಾನದ ಹೊಗೆ. ಆದ್ದರಿಂದ ಕಾರಿನ ಒಳಗೂ ಹೊಗೆ ಕಂಡಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಎದುರುಮನೆಯವರು ಕೈಮುಗಿದರು.

"ನೋಡ್ರಿ, ಒಳಗೆಲ್ಲ ಹೆಂಗೆ ತುಂಬೈತೆ ಧೂಪ," ಅಂದಳು ಅಮ್ಮ. "ಅತ್ತೆ ಥೇಟ್ ದೇವರ ಗುಡಿಯಾಗೆ ಕುಂತಂಗೆ ಕಾಣ್ತಾರೆ."

ಅಜ್ಜಿ ಹೊಗೆಯ ನಡುವೆ ಕಣ್ಣುಮುಚ್ಚಿ ಕೂತು ಮಗಳಿಗೆ ತಲೆದೂಗುತ್ತಿದ್ದಳು. ನನಗೆ ವಾಸನೆ ಬಂತು. ಅದು ಲೋಬಾನದ್ದಲ್ಲ, ಪ್ಲಾಸ್ಟಿಕ್ಕಿನದು. ಗೊತ್ತಿದ್ದವನು ನಾನೊಬ್ಬನೇ. ಕೂಗಿದರೆ ಬಾನೆಟ್ ಎತ್ತುತ್ತಾರೆ, ಎತ್ತಿದರೆ ಫ್ಯೂಸ್ ಕಾಣುತ್ತದೆ. ಹತ್ತು ಎಣಿಸುವಷ್ಟು ಹೊತ್ತು ನಿಂತೆ. ಉತ್ಪ್ರೇಕ್ಷೆಯಲ್ಲ, ನಿಜವಾಗಿ ಎಣಿಸಿದೆ. ನನ್ನ ಬಗ್ಗೆ ನನಗೆ ಗೊತ್ತಿರುವ ಸಂಗತಿಗಳಲ್ಲಿ ಇದು ಮುಖ್ಯವಾದದ್ದು ಅಂತ ಬರೆದಿಡುತ್ತಿದ್ದೇನೆ. ಹನ್ನೊಂದಕ್ಕೆ ಅಜ್ಜಿ ಕೆಮ್ಮಿದಳು.

"ಅಪ್ಪಾ, ಅದು ಧೂಪ ಅಲ್ಲ!"

ಧೂಪದ ತಟ್ಟೆ ನೆಲಕ್ಕೆ ಬಿತ್ತು. ಅಪ್ಪ ಬಾಗಿಲು ತೆಗೆದು ಅಜ್ಜಿಯನ್ನು ಎತ್ತಿ ಹೊರಗೆ ಕೂಡಿಸಿದ. ಬಾನೆಟ್ ಎತ್ತಿ, ಬ್ಯಾಟರಿಯ ಹತ್ತಿರ ಕೈಹಾಕಿ, ಕಾದ ವೈರನ್ನು ಹಿಡಿದು ಕಿತ್ತ. ಅಂಗೈಗೆ ಅಡ್ಡಲಾಗಿ ಕೆಂಪು ಗೀಟು ಮೂಡಿತು. ಸೀಟಿನ ಕೆಳಗೆ ಚೆಂಡುಹೂವುಗಳು ಹುರಿದು ಕರ್ರಗಾಗಿದ್ದವು. ಅಜ್ಜಿ ಎರಡು ಲೋಟ ನೀರು ಕುಡಿದು ಸುಧಾರಿಸಿಕೊಂಡಳು. ಮೊದಲು ಕೇಳಿದ್ದು, "ಗಿರಿಜಾ ಪೂರ್ತಿ ಹೇಳ್ಲೇ ಇಲ್ಲ. ಮೊಸರಿಂದು ಏನಾತಂತೆ?"

ಮರುದಿನ ವಿಜಯದಶಮಿಯ ಬೆಳಿಗ್ಗೆ ಖಾದರ್ ಸಾಬರು ಬಂದರು. ಕಿತ್ತು ಬಿದ್ದಿದ್ದ ಫ್ಯೂಸಿನ ಹೋಲ್ಡರ್ ಬಿಚ್ಚಿದರು. ಫ್ಯೂಸ್ ನೋಡಿದರು. ನನ್ನನ್ನು ನೋಡಿದರು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಅಪ್ಪನ ಕಡೆ ತಿರುಗಿದರು.

"ವೈರು ಸಣ್ಣದಾತು ಯಜಮಾನ್ರೆ. ನಾನು ಮೊದ್ಲೇ ಹೇಳಿದ್ದೆ."

ಹಗಲನ್ನು ಹಗಲು ಅಂದರೂ ವಾದ ಮಾಡುವ ಅಪ್ಪ ಅವತ್ತು ವಾದ ಮಾಡಲಿಲ್ಲ. "ಹೌದ್ರಿ. ತಪ್ಪು ನಂದೇ," ಅಂದ. ಸಂಜೆ ಬನ್ನಿ ಕೊಟ್ಟು ಕಾಲಿಗೆ ಬಿದ್ದಾಗ ಬಟ್ಟೆ ಸುತ್ತಿದ ಕೈಯನ್ನೇ ನನ್ನ ತಲೆಯ ಮೇಲಿಟ್ಟ. ನಾನು ಬಾಯಿ ತೆರೆದೆ.

"ಏನೋ?"

"ಏನಿಲ್ಲ."

ದೀಪಾವಳಿಯೊಳಗೆ ಬೆರಳುದಪ್ಪದ ವೈರು ಬಂತು, ಅಷ್ಟೇ ಭಾರದ ಇನ್ನೊಂದು ಆಂಪು ಬಂತು. ಅಜ್ಜಿ ಮುಂದೆ ನಾಲ್ಕು ವರ್ಷ ಅದರಲ್ಲಿ ಮಗಳೊಂದಿಗೆ ಮಾತಾಡಿದಳು. ಹೊಸದರಲ್ಲಿ ಧೂಪ ಬರುವುದಿಲ್ಲ ಅನ್ನುವುದೊಂದೇ ಅವಳ ದೂರು. ಅಪ್ಪ ಮಾತ್ರ ಯಾವ ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಈ ಕಥೆ ತೆಗೆಯುತ್ತಿದ್ದ. ತನ್ನ ಜಿಪುಣತನವನ್ನು ತಾನೇ ಹಾಸ್ಯ ಮಾಡಿಕೊಂಡು, ಸಣ್ಣ ವೈರು ಹಾಕಿಸಿ ತಾಯಿಗೇ ಹೊಗೆ ಹಾಕಿದೆ ಅಂತ ಎಲ್ಲರನ್ನೂ ನಗಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ಹೋಳಿಗೆ ಮುರಿಯುತ್ತಿದ್ದೆ. ಎಷ್ಟೋ ಸಲ ಹೇಳಿಬಿಡಬೇಕು ಅಂದುಕೊಂಡೆ. ಹೇಳದೆ ಉಳಿದದ್ದಕ್ಕೆ ಪ್ರತಿಯಾಗಿ ಬೀಗ ಜಗ್ಗಲು, ಗ್ಯಾಸು ತಿರುಗಿಸಿ ನೋಡಲು, ಪಯಣದಲ್ಲಿ ಟಿಕೆಟನ್ನು ಮೂರು ಸಲ ಮುಟ್ಟಿ ನೋಡಲು ಕಲಿತೆ.

ಈಗ ಅಪ್ಪನಿಗೆ ಎಂಬತ್ತರ ಮೇಲಾಯಿತು. ನಮ್ಮ ಜೊತೆಗೇ ಇದ್ದಾನೆ. ಕಿವಿ ತಾಯಿಯ ದಾರಿ ಹಿಡಿದಿದೆ. ಕಿವಿಗೆ ಹಾಕುವ ಯಂತ್ರ ಕೊಡಿಸಿದರೆ ಕಿರಿಕಿರಿ ಅಂತ ತೆಗೆದು ಡಬ್ಬಿಯಲ್ಲಿಟ್ಟ. ಹಳೇ ವಚನ ಕೇಳಬೇಕು ಅಂದ, ಕಾರಿನಲ್ಲಿ. ಹೋದ ತಿಂಗಳು ಅವನನ್ನು ನನ್ನ ಕಾರಿನಲ್ಲಿ ಕೂಡಿಸಿಕೊಂಡು ಅದೇ ಅಂಗಡಿಗೆ ಹೋದೆ. ಖಾದರ್ ಸಾಬರಿಲ್ಲ, ಮಗ ರಫೀಕ್ ಇದ್ದಾರೆ. ಮೇಜು ಬದಲಾಗಿದೆ, ಗೋಡೆ ಬದಲಾಗಿಲ್ಲ. ಅಪ್ಪ ಸ್ಟೂಲಿನ ಮೇಲೆ ಕೂತ. ರಫೀಕ್ ಒಂದು ಆಂಪನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಿಡಿದು ತಲೆಯೆತ್ತಿದೆ. ಅಪ್ಪನ ತಲೆಯ ಮೇಲೆ, ಒಂದು ಮೊಳೆಗೆ, ದಾರದಲ್ಲಿ ಕಟ್ಟಿದ ಒಂದು ಗಾಜಿನ ಫ್ಯೂಸು. ಕರ್ರಗೆ ಹೊಗೆ ಹಿಡಿದಿತ್ತು. ಮೈಮೇಲೆ ತಾಮ್ರದ ಎಳೆ ಸುತ್ತಿತ್ತು.

"ಅದಾ? ಅದು ನಮ್ಮ ಅಬ್ಬಾ ಇಟ್ಟಿದ್ದು ಸರ್," ಅಂದರು ರಫೀಕ್. "ಫ್ಯೂಸಿಗೆ ತಂತಿ ಸುತ್ತಿಕೊಡು ಅಂತ ಬಂದೋರಿಗೆಲ್ಲ ಅದನ್ನೇ ತೋರಿಸ್ತಿದ್ರು."

ನಲವತ್ತು ವರ್ಷದ ಹತ್ತಿರ ಅಪ್ಪ ಈ ಅಂಗಡಿಗೆ ಬಂದಿದ್ದಾನೆ, ಇದೇ ಸ್ಟೂಲಿನ ಮೇಲೆ ಕೂತಿದ್ದಾನೆ. ಅವನು ರಫೀಕರ ಕಡೆ ತಿರುಗಿ ತನ್ನ ಕಥೆ ಶುರುಮಾಡಿದ.

"ದಪ್ಪ ವೈರೇ ಹಾಕಪ್ಪ. ಹಿಂದೆ ನಾನು ಸಣ್ಣದು ಹಾಕ್ಸಿ ತಪ್ಪು ಮಾಡ್ದೆ."

"ಅಪ್ಪ," ಅಂದೆ. ಕೇಳಿಸಲಿಲ್ಲ. ಬಗ್ಗಿ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಹೇಳಬೇಕಾಯಿತು. ಅಂಗಡಿಯವರೆಲ್ಲ ತಿರುಗಿ ನೋಡಿದರು. "ಅಪ್ಪಾ, ಅವತ್ತು ಫ್ಯೂಸಿಗೆ ತಂತಿ ಸುತ್ತಿದ್ದು ನಾನು!"

ಅಪ್ಪ ಅಂಗೈಯಲ್ಲಿನ ಹಳೇ ಗೀಟನ್ನು ಹೆಬ್ಬೆರಳಿನಿಂದ ಸವರಿದ.

"ಗೊತ್ತು. ವೈರು ಕಿತ್ತಾಗ ಕೈಗೆ ಬಂದದ್ದೇ ಅದು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿ ಏನು? ನೀನು ಮೊದ್ಲೇ ಹೆದರ್ಕೊಂಡು ಸಾಯ್ತಿದ್ದೆ." ಮತ್ತೆ ಅಂದ, "ಒಂದೇ ಎಳೆ ಸುತ್ತಿದ್ರೆ ಅದೂ ಸುಟ್ಟು ಸುಮ್ನಾಗ್ತಿತ್ತು, ಏನೂ ಆಗ್ತಿರ್ಲಿಲ್ಲ. ನೀನು ಮೂರು ಸುತ್ತಿದ್ದೆ. ಒಂದಾದ್ರೆ ಎಲ್ಲಿ ಹರೀತೈತೋ ಅಂತ."

ರಫೀಕ್ ವೈರು ಎಳೆಯಲು ಬಾನೆಟ್ ಎತ್ತಿದರು. ನಾನು ಅಂಗಿಯ ಜೇಬು ಮುಟ್ಟಿ ನೋಡಿಕೊಂಡೆ. ಇರಲಿ ಅಂತ ಮನೆಯಿಂದ ತಂದಿದ್ದ ಫ್ಯೂಸುಗಳು ಮೂರೂ ಇದ್ದವು.